ಬಾಯಿಯ ಕ್ಯಾನ್ಸರೂ ಟಾರ್ಚಿನ ಬೆಳಕೂ

ವಿಜ್ಞಾನವೆಂದೊಡನೆ ದೊಡ್ಡ ಯಂತ್ರಗಳನ್ನೇ ನೆನೆಯುವುದು ನಮ್ಮಲ್ಲಿ ಅಭ್ಯಾಸವಾಗಿಬಿಟ್ಟಿದೆ. ಭೌತವಿಜ್ಞಾನವನ್ನು ಬೋಧಿಸುವ ನಾವು ಎಕ್ಸ್-ಕಿರಣಗಳ ಪಾಠವನ್ನು ಮುಗಿಸಿದಾಗಲೆಲ್ಲ ವಿದ್ಯಾರ್ಥಿಗಳಿಂದ ಒಂದು ಪ್ರಶ್ನೆ ಬರುವುದುಂಟು: ಕ್ಯಾನ್ಸರನ್ನು ಮೊದಲೇ ಕಂಡುಹಿಡಿಯುವ ಯಂತ್ರ ಯಾವುದು? ಭಾರತದ ಗಂಡಸರ ಮಟ್ಟಿಗೆ ಇದರ ಉತ್ತರ ನಿರಾಶೆ ಹುಟ್ಟಿಸುವಷ್ಟು ಸರಳವಾಗಿದೆ. ಅವರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣಿಸಿಕೊಳ್ಳುವುದು ತುಟಿ ಮತ್ತು ಬಾಯಿಯ ಕ್ಯಾನ್ಸರು. ಅದನ್ನು ಕಾಣಲು ಬೇಕಾದುವು ಒಳ್ಳೆಯ ಬೆಳಕು, ತಿಳಿದ ಕಣ್ಣು ಮತ್ತು ತೆರೆದ ಬಾಯಿ. ಬೆಳಕಿಗೆ ಕೊರತೆಯಿಲ್ಲ, ಕಣ್ಣಿಗೆ ತರಬೇತಿ ಕೊಡಬಹುದು. ಮೂರನೆಯದು ಮಾತ್ರ ದೊರೆಯುತ್ತಿಲ್ಲವೆಂಬುದೇ ನಮ್ಮ ದೂರು.

ಈ ದೂರಿಗೆ ಆಧಾರವುಂಟು. ಮೂವತ್ತು ವರ್ಷ ದಾಟಿದವರೆಲ್ಲರ ಬಾಯಿಯನ್ನು ಐದು ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂದು ಕೇಂದ್ರ ಸರ್ಕಾರವು 2016ರಲ್ಲಿಯೇ ಸೂಚಿಸಿತು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ಈ ಪರೀಕ್ಷೆಗೆ ಒಳಗಾದ ಗಂಡಸರು ನೂರಕ್ಕೆ ಇಬ್ಬರಷ್ಟೂ ಇರಲಿಲ್ಲ.

ತಡವಾದರೆ ಏನಾಗುತ್ತದೆಂಬುದನ್ನು ಲೆಕ್ಕದಿಂದ ನೋಡೋಣ. ಒಂದು ಘನ ಸೆಂಟಿಮೀಟರ್ ಗಾತ್ರದ ಗಂತಿಯಲ್ಲಿ ಸುಮಾರು ನೂರು ಕೋಟಿ ಜೀವಕೋಶಗಳಿರುತ್ತವೆಂದು ಅಂದಾಜು. ಒಂದು ಕೋಶ ಎರಡಾಗಿ, ಎರಡು ನಾಲ್ಕಾಗಿ ಈ ಸಂಖ್ಯೆಯನ್ನು ಮುಟ್ಟಲು 30 ಸಲ ಇಮ್ಮಡಿಯಾಗಬೇಕು. ಇನ್ನು ಹತ್ತೇ ಸಲ ಇಮ್ಮಡಿಯಾದರೆ ಅದರ ತೂಕ ಒಂದು ಕಿಲೋಗ್ರಾಮ್! ಶರೀರದಲ್ಲಿ ಬೆಳವಣಿಗೆ ಇಷ್ಟು ಕ್ರಮಬದ್ಧವಾಗಿ ನಡೆಯುವುದಿಲ್ಲವೆಂಬುದು ನಿಜ. ಎಷ್ಟೋ ಕೋಶಗಳು ನಡುವೆಯೇ ಸಾಯುತ್ತವೆ, ವೇಗವೂ ಕುಂದುತ್ತದೆ. ಆದರೂ ಗಂತಿಯು ಕೈಗೆ ಸಿಗುವ ಹೊತ್ತಿಗೆ ಅದರ ಆಯುಷ್ಯದ ಹೆಚ್ಚಿನ ಭಾಗವು ಗುಪ್ತವಾಗಿಯೇ ಕಳೆದುಹೋಗಿರುತ್ತದೆ. ಒಳಗಿನ ಅಂಗಗಳಲ್ಲಿ ಈ ಗುಪ್ತಕಾಲವನ್ನು ಭೇದಿಸಲು ಯಂತ್ರಗಳೇ ಬೇಕು. ಬಾಯಿಯ ಸಂಗತಿ ಹಾಗಲ್ಲ. ಅಲ್ಲಿ ಕ್ಯಾನ್ಸರು ಹುಟ್ಟುವ ಮೊದಲೇ ಅನೇಕ ವೇಳೆ ಮುನ್ಸೂಚನೆಗಳು ತೋರುತ್ತವೆ: ಒರೆಸಿದರೂ ಹೋಗದ ಬಿಳಿಯ ಮಚ್ಚೆ, ಅದಕ್ಕಿಂತಲೂ ಅಪಾಯಕರವಾದ ಕೆಂಪು ಮಚ್ಚೆ, ಕೆನ್ನೆಯ ಒಳಪದರವು ಬಿರುಸಾಗಿ ಬಾಯಿ ಬರಬರುತ್ತ ಕಿರಿದಾಗುವುದು. ಇವುಗಳಲ್ಲಿ ಮೊದಮೊದಲು ನೋವಿರುವುದು ಅಪರೂಪ. “ನೋವಿಲ್ಲವಲ್ಲ, ಇರಲಿ ಬಿಡಿ” ಎಂಬ ಮಾತಿನಿಂದಾದ ಹಾನಿ ಅಷ್ಟಿಷ್ಟಲ್ಲ.

ಬರಿಗಣ್ಣಿನ ಪರೀಕ್ಷೆಯಿಂದ ಪ್ರಾಣ ಉಳಿದೀತೆ ಎಂದು ಸಂಶಯಪಡುವವರು ಕೇರಳದ ಕಡೆ ನೋಡಬಹುದು. 1996ರಲ್ಲಿ ತಿರುವನಂತಪುರ ಜಿಲ್ಲೆಯಲ್ಲಿ ಸುಮಾರು 1.9 ಲಕ್ಷ ಜನರನ್ನೊಳಗೊಂಡ ಒಂದು ಪ್ರಯೋಗ ಆರಂಭವಾಯಿತು. ತರಬೇತಿ ಪಡೆದ ಕಾರ್ಯಕರ್ತರು ಅರ್ಧದಷ್ಟು ಜನರ ಮನೆಗಳಿಗೆ ಮೂರು ಸುತ್ತು ಹೋಗಿ ಬಾಯಿಗಳನ್ನು ನೋಡಿದರು. ಉಳಿದವರಿಗೆ ಎಂದಿನ ವೈದ್ಯಸೌಕರ್ಯ ಮಾತ್ರ. ಫಲಿತಾಂಶವು 2005ರಲ್ಲಿ ಪ್ರಕಟವಾಯಿತು. ಎಲ್ಲರನ್ನೂ ಒಟ್ಟಿಗೆ ಎಣಿಸಿದಾಗ ಕಂಡ ವ್ಯತ್ಯಾಸವು ಆಕಸ್ಮಿಕವಲ್ಲವೆನ್ನುವಷ್ಟು ಸ್ಪಷ್ಟವಾಗಿರಲಿಲ್ಲ. ಆದರೆ ತಂಬಾಕನ್ನೋ ಮದ್ಯವನ್ನೋ ಬಳಸುತ್ತಿದ್ದ ಗಂಡಸರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ನೂರಕ್ಕೆ 43ರಷ್ಟು ಕಡಿಮೆಯಾಗಿತ್ತು. ಪರೀಕ್ಷೆ ಯಾರಿಗೆ ಮೊದಲು ಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಮೊದಲೇ ಕಂಡುಹಿಡಿಯುವ ಪರೀಕ್ಷೆಗಳೆಲ್ಲ ಇಷ್ಟೇ ಲಾಭಕರವೆಂದು ಮಾತ್ರ ತಿಳಿಯಬಾರದು. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ ಪಿ.ಎಸ್.ಎ. ಎಂಬ ರಕ್ತಪರೀಕ್ಷೆಯುಂಟು, ಅದು ಎಂದೂ ತೊಂದರೆ ಕೊಡದಿದ್ದ ಮಂದಗತಿಯ ಗಂತಿಗಳನ್ನೂ ಹೊರಗೆಳೆಯುವುದರಿಂದ, ಎಲ್ಲ ಗಂಡಸರಿಗೂ ಅದನ್ನು ಮಾಡಬೇಕೆಂಬ ವಿಷಯದಲ್ಲಿ ವೈದ್ಯರಲ್ಲಿ ಒಮ್ಮತವಿಲ್ಲ.

ಅಡಿಕೆಯ ಮಾತನ್ನು ಆಡದೆ ವಿಧಿಯಿಲ್ಲ. ದೇಶದಲ್ಲಿ ಅತ್ಯಂತ ಹೆಚ್ಚು ಅಡಿಕೆ ಬೆಳೆಯುವುದು ನಮ್ಮ ಕರ್ನಾಟಕ. ವೀಳ್ಯ ಕೊಡದೆ ಮದುವೆಗೆ ಕರೆಯುವುದಿಲ್ಲ, ತಾಂಬೂಲವಿಲ್ಲದೆ ನೆಂಟರನ್ನು ಕಳುಹಿಸುವುದಿಲ್ಲ. ತಟ್ಟೆಯಲ್ಲಿಟ್ಟು ಕೊಡುವ ಅಡಿಕೆಯ ಮೇಲೆ ನಮಗೆ ಸಿಟ್ಟಿಲ್ಲ; ಅದು ದಿನವಿಡೀ ದವಡೆಯಲ್ಲಿರುವುದರ ಮೇಲೆ ಉಂಟು. ತಂಬಾಕು ಬೆರೆಯದ ಬರಿಯ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 2004ರ ತನ್ನ ಗ್ರಂಥದಲ್ಲಿ ನಿರ್ಣಯಿಸಿತು. ಬಾಯಿಯನ್ನು ಕಿರಿದುಗೊಳಿಸುವ ರೋಗಕ್ಕೆ ಮುಖ್ಯ ಕಾರಣವೂ ಅಡಿಕೆಯೇ. ನಮ್ಮ ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾದ ಮೇಲೆ, ಅಡಿಕೆ ಒಂದು ಚೀಟಿನಲ್ಲಿ ತಂಬಾಕು ಇನ್ನೊಂದರಲ್ಲಿ ಮಾರಾಟವಾಗತೊಡಗಿದುವು. ಕೊಳ್ಳುವವನು ಎರಡನ್ನೂ ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾನೆ. ವಿದ್ಯಾರ್ಥಿನಿಲಯಗಳ ಎದುರಿನ ಅಂಗಡಿಗಳಲ್ಲಿಯೂ ಇದು ನಡೆಯುತ್ತಿರುವುದನ್ನು ನಾವು ಕಾಣುತ್ತಲೇ ಇದ್ದೇವೆ.

ವಿದ್ಯಾರ್ಥಿಮಿತ್ರರು ರಜೆಯಲ್ಲಿ ಊರಿಗೆ ಹೋದಾಗ, ಎಲೆಯಡಿಕೆ ಹಾಕುವ ಅಥವಾ ಬೀಡಿ ಸೇದುವ ತಂದೆ, ದೊಡ್ಡಪ್ಪ, ಸೋದರಮಾವಂದಿರ ಮುಂದೆ ಒಂದು ಟಾರ್ಚನ್ನು ಹಿಡಿದು ಕುಳಿತುಕೊಳ್ಳಬೇಕೆಂಬುದು ನಮ್ಮ ಕೋರಿಕೆ. ಹಿರಿಯರಿಗೆ ಬಾಯಿ ತೆರೆಯಿರೆಂದು ಹೇಳಲು ಸಂಕೋಚವಾಗುವುದು ಸಹಜ. ಮೊದಲು ತಾವೇ ಕನ್ನಡಿಯ ಮುಂದೆ ತೆರೆದು ತೋರಿಸಿದರೆ ಆ ಸಂಕೋಚ ಕಳೆಯುತ್ತದೆ. ಬಾಯಿ ಮುಕ್ಕುಳಿಸಿದ ಮೇಲೆ ತುಟಿಗಳ ಒಳಮೈ, ಎರಡು ಕೆನ್ನೆ, ಒಸಡು, ಅಂಗುಳ, ನಾಲಗೆಯ ಅಂಚು, ನಾಲಗೆಯನ್ನೆತ್ತಿಸಿ ಅದರ ತಳ, ಇಷ್ಟನ್ನು ನೋಡಬೇಕು. ಅವರವರದೇ ಮೂರು ಬೆರಳುಗಳು ಒಂದರ ಮೇಲೊಂದಾಗಿ ಹಲ್ಲುಗಳ ನಡುವೆ ಹಿಡಿಯುವುವೋ ಎಂದು ಅಳೆಯಬೇಕು. ಹಿಡಿಯದಿದ್ದರೆ, ಮಚ್ಚೆ ಅಥವಾ ಗಂಟು ಕಂಡರೆ, ಇಲ್ಲವೆ ಎರಡು ವಾರ ಕಳೆದರೂ ಮಾಯದ ಹುಣ್ಣಿದ್ದರೆ, ದಂತವೈದ್ಯರಿಗೋ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿಯೋ ತೋರಿಸಬೇಕು. ಅಂತಹ ಮಚ್ಚೆಗಳೆಲ್ಲ ಕ್ಯಾನ್ಸರಲ್ಲ. ನಿರ್ಣಯಿಸುವುದು ವೈದ್ಯರ ಕೆಲಸ. ಸಂಶಯ ಬಂದರೆ ಅವರು ಆ ಭಾಗವನ್ನು ಜೋಮುಗೊಳಿಸಿ ಒಂದು ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವರು. ಕತ್ತಿ ತಗುಲಿದರೆ ರೋಗ ಹರಡುತ್ತದೆಂದು ಮನೆಯಲ್ಲಿ ಯಾರಾದರೂ ತಡೆಯಬಹುದು. ಆ ಭಯದಿಂದ ಪರೀಕ್ಷೆಯನ್ನು ಮುಂದೂಡಲು ಕಾರಣವಿಲ್ಲವೆಂದು ಅವರಿಗೆ ತಿಳಿಸಿ, ಹಿರಿಯರ ಜೊತೆಗೆ ತಾವೇ ಆಸ್ಪತ್ರೆಗೆ ಹೋಗಿಬರುವುದು ಒಳ್ಳೆಯದು.