ಕಾಡಿಗೆ ಹೊರಡುವ ಮುನ್ನ

“ನಮ್ಮ ಮಹಿಳಾ ಮಂಡಳಿಯವರೆಲ್ಲ ಗೈಡ್ ಜೊತೆ ಆಗುಂಬೆ ಕಾಡು ನೋಡೋಕೆ ಹೊರಟಿದ್ದೇವೆ, ಏನೇನು ಕಟ್ಟಿಕೊಳ್ಳಲಿ?” ಎಂದು ಸೋದರಿಯೊಬ್ಬರು ಕೇಳಿದ್ದಾರೆ.

ತಿಂಡಿಯ ಯೋಚನೆ ಆಮೇಲಿರಲಿ, ಮೊದಲು ಕಾಲಿನದು ನೋಡಿ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರದು. ಮಳೆಗಾಲದಲ್ಲಿ ತರಗೆಲೆಯ ಮೇಲೆಲ್ಲ ಇಂಬಳ, ಅದೇ ನಮ್ಮ ಜಿಗಣೆ. ಸೀರೆ ಬೇಡ, ಚೂಡಿದಾರ್ ಇರಲಿ. ಅದರ ತುದಿಯನ್ನು ಉದ್ದ ಕಾಲುಚೀಲದೊಳಗೆ ಸೇರಿಸಿ. ಕಚ್ಚಿದರೆ ಕಿರುಚಿ ಕೀಳಬೇಡಿ, ಉಗುರಿನಿಂದ ಮೆಲ್ಲಗೆ ಬದಿಗೆ ತಳ್ಳಿದರೆ ಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ಒಸರುತ್ತದೆ, ಗಾಬರಿ ಬೇಡ.

ಬೇಸಿಗೆಯಲ್ಲಾದರೆ ಉಣುಗಿನ ಎಚ್ಚರ ಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಅದರಿಂದಲೇ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಗೈಡಿಗೆ ಹೇಳಿ. ಮರಳಿದ ಮೇಲೆ ಮೈಗೂ ಬಟ್ಟೆಗೂ ಬಿಸಿನೀರು. ಆಮೇಲೆ ಜ್ವರ ಬಂದರೆ, ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ತಪ್ಪದೆ ತಿಳಿಸಿ.

ಬುತ್ತಿಗೆ ಚಪಾತಿ, ಚಟ್ನಿಪುಡಿ ಸಾಕು. ಬಡಿಸುವ ಸಂಭ್ರಮದಲ್ಲಿ ಎಲ್ಲರ ಡಬ್ಬಿ ನೀವೇ ಹೊರಬೇಡಿ!

ಒಂದನ್ನು ಮಾತ್ರ ಮುಚ್ಚಿಡಬಾರದು. ಮಂಡಿನೋವು, ಉಬ್ಬಸ, ಬಿ.ಪಿ. ಇದ್ದರೆ ಹೊರಡುವ ಮೊದಲೇ ಗೈಡಿಗೆ ಹೇಳಿಬಿಡಿ. ‘ನನ್ನಿಂದ ಉಳಿದವರಿಗೆ ಯಾಕೆ ತೊಂದರೆ’ ಅಂತ ಸುಮ್ಮನಿರುವುದು ನಮ್ಮ ಹೆಂಗಸರ ಹಳೇ ಚಾಳಿ. ನಡುಕಾಡಲ್ಲಿ ಉಸಿರು ಕಟ್ಟಿ ಕೂತರೆ ಫೋನೂ ಸಿಗದು, ಗಾಡಿಯೂ ಬಾರದು. ಮೊದಲೇ ಗೊತ್ತಿದ್ದರೆ ಅವರು ಹತ್ತಿರದ, ಸಲೀಸಾದ ದಾರಿಯಲ್ಲೇ ಕರೆದೊಯ್ಯುತ್ತಾರೆ. ತಿಂಗಳ ದಿನಗಳಾದರೂ ಹೋಗಬಹುದು, ಸಂಕೋಚ ಬೇಡ. ಪ್ಯಾಡನ್ನು ಮಾತ್ರ ಅಲ್ಲೆಲ್ಲೂ ಎಸೆಯದೆ, ಕಾಗದದಲ್ಲಿ ಸುತ್ತಿ ಚೀಲದಲ್ಲೇ ವಾಪಸು ತನ್ನಿ.