ಮಹಾನಗರದಲ್ಲಿ ಸೈಕಲ್ಲಿಗೆ ಎಡೆಯೆಲ್ಲಿ?

ಬಡವನ ವಾಹನವೆಂದು ಹೆಸರಾಗಿದ್ದ ಸೈಕಲ್ಲು ಇಂದು ಸಿರಿವಂತರ ವ್ಯಾಯಾಮದ ಸಾಧನವೂ ಆಗಿದೆ. ಇದರಲ್ಲಿ ತಪ್ಪೇನೂ ಇಲ್ಲ. ಆರೋಗ್ಯಕ್ಕಾಗಿ ಯಾರು ತುಳಿದರೂ ಒಳ್ಳೆಯದೇ. ಆದರೆ ಒಂದೇ ವಾಹನವನ್ನು ಒಬ್ಬನು ಹೊಟ್ಟೆ ಕರಗಿಸಲೆಂದು, ಇನ್ನೊಬ್ಬನು ಹೊಟ್ಟೆ ಹೊರೆಯಲೆಂದು ಏರಿದಾಗ, ಅಧಿಕಾರದಲ್ಲಿರುವವರು ಇವರಲ್ಲಿ ಯಾರಿಗಾಗಿ ದಾರಿ ಮಾಡಿಕೊಡುತ್ತಾರೆ ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಗೆ ನಮ್ಮ ರಾಜ್ಯದ ರಾಜಧಾನಿಯಾದ ಮುಂಬಯಿಯು ಕೊಟ್ಟಿರುವ ಉತ್ತರವನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಅಕ್ಕಲಕೋಟೆ, ಜತ್ತ, ಸೊಲ್ಲಾಪುರ ಸೀಮೆಯ ಕನ್ನಡಿಗರಿಗೆ ದೂರದ ಮುಂಬಯಿಯ ರಸ್ತೆಗಳ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಗೊಡವೆ ಇದೆ. ನಮ್ಮಲ್ಲಿ ಓದು ಮುಗಿಸಿದ ಎಷ್ಟೋ ಹುಡುಗರು ಸೊಲ್ಲಾಪುರದಲ್ಲಿ ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿ, ಬೆಳಗಾದರೆ ಆ ಊರಿನಲ್ಲಿ ಇಳಿಯುತ್ತಾರೆ. ಹಳ್ಳಿಯಿಂದ ಶಾಲೆಗೆ ಸೈಕಲ್ ತುಳಿದು ಬಂದವರೇ ಮುಂದೆ ಅಲ್ಲಿಯ ಅಂಗಡಿ, ಗೋದಾಮು, ಕಚೇರಿಗಳಿಗೆ ಹೋಗಬೇಕಾದವರು. ಅಲ್ಲದೆ ಮುಂಬಯಿಯಲ್ಲಿ ಇಂದು ಆದದ್ದನ್ನು ನಾಳೆ ಜಿಲ್ಲೆಯ ಊರುಗಳು ನೋಡಿ ಮಾಡುತ್ತವೆ. ಅಲ್ಲಿಯ ತಪ್ಪು ಇಲ್ಲಿಗೆ ಬರುವ ಮೊದಲೇ ಅದನ್ನು ತಿಳಿದುಕೊಳ್ಳುವುದು ಜಾಣತನ.

ಮುಂಬಯಿಯು ಸಮುದ್ರದೊಳಕ್ಕೆ ಚಾಚಿಕೊಂಡ, ಉದ್ದವಾದ, ಇಕ್ಕಟ್ಟಾದ ಊರು. ಏಳು ನಡುಗಡ್ಡೆಗಳನ್ನು ಕೂಡಿಸಿ ಅದನ್ನು ಕಟ್ಟಿದ್ದಾರೆ. ಜನರ ಓಡಾಟವೆಲ್ಲ ಬಹುಮಟ್ಟಿಗೆ ಉತ್ತರ-ದಕ್ಷಿಣವಾಗಿಯೇ ನಡೆಯುತ್ತದೆ. ಅದರ ಭಾರವನ್ನು ಲೋಕಲ್ ರೈಲುಗಳು ಹೊರುತ್ತವೆ. ಉಳಿಯುವುದು ಮನೆಯಿಂದ ಸ್ಟೇಶನ್ನಿಗೆ, ಸ್ಟೇಶನ್ನಿನಿಂದ ಕೆಲಸದ ಜಾಗಕ್ಕೆ ಇರುವ ಎರಡು ಮೂರು ಕಿಲೋಮೀಟರ್. ಸೈಕಲ್ಲು ಹುಟ್ಟಿದ್ದೇ ಇಂಥ ದೂರಕ್ಕಾಗಿ ಎನ್ನಬೇಕು. ಇಂದಿಗೂ ಬೆಳಗಿನ ಹಾಲು, ಪತ್ರಿಕೆ, ಪಾವು ಆ ಊರಿನ ಮನೆಗಳಿಗೆ ಬರುವುದು ಬಹುಪಾಲು ಸೈಕಲ್ಲಿನ ಮೇಲೆಯೇ. ನೂರು ವರ್ಷಕ್ಕೂ ಮೀರಿದ ಇತಿಹಾಸವುಳ್ಳ ಡಬ್ಬಾವಾಲಾಗಳು ರೈಲಿನಿಂದ ಇಳಿಸಿದ ಬುತ್ತಿಗಳನ್ನು ಸೈಕಲ್ಲಿಗೆ ತೂಗುಹಾಕಿಕೊಂಡೇ ಹೊರಡುತ್ತಾರೆ. ಸೈಕಲ್ಲಿನ ಮೇಲೆ ಇಡ್ಲಿ ಮಾರುವವರೂ, ಚಹಾ ಮಾರುವವರೂ ಅಲ್ಲಿ ಉಂಟು. ಇವರು ಯಾರೂ ವ್ಯಾಯಾಮಕ್ಕಾಗಿ ತುಳಿಯುವವರಲ್ಲ.

ಈಗ ಅಲ್ಲಿ ಸೈಕಲ್ಲಿಗಾಗಿ ನಡೆದ ಪ್ರಯತ್ನಗಳನ್ನು ನೋಡೋಣ. ಮೊದಲನೆಯದು ರವಿವಾರದ ರಸ್ತೆ. 2014ರ ನವೆಂಬರಿನಲ್ಲಿ ಬಾಂದ್ರಾ ಭಾಗದಲ್ಲಿ ರವಿವಾರ ಬೆಳಿಗ್ಗೆ ಕೆಲವು ತಾಸು ಮೋಟಾರು ವಾಹನಗಳನ್ನು ತಡೆದು ರಸ್ತೆಯನ್ನು ಜನರಿಗೆ ಬಿಟ್ಟುಕೊಟ್ಟರು. 2017ರಲ್ಲಿ ಮಹಾನಗರಪಾಲಿಕೆಯು ನರೀಮನ್ ಪಾಯಿಂಟಿನಿಂದ ವರಳಿಯವರೆಗೆ, ಸುಮಾರು ಹನ್ನೆರಡು ಕಿಲೋಮೀಟರ್ ಉದ್ದ, ರವಿವಾರದ ಮುಂಜಾವಿಗೆ ಸೈಕಲ್ಲಿನ ಪಥವೊಂದನ್ನು ಬೇರ್ಪಡಿಸಿತು. 2022ರ ಮಾರ್ಚ್ 27ರಂದು ಪೊಲೀಸ್ ಇಲಾಖೆಯೇ ಮುಂದೆ ಬಂದು ಮರೀನ್ ಡ್ರೈವ್ ಮೊದಲಾದ ಕೆಲವು ರಸ್ತೆಗಳನ್ನು ರವಿವಾರ ಬೆಳಿಗ್ಗೆ ವಾಹನಮುಕ್ತಗೊಳಿಸಿತು. ಮಕ್ಕಳು ಸೈಕಲ್ ಕಲಿತರು, ಮುದುಕರು ನಡುರಸ್ತೆಯಲ್ಲಿ ನಿರ್ಭಯವಾಗಿ ನಡೆದರು. ಬಹಳ ಸಂತೋಷದ ಸಂಗತಿ. ವಾಹನವಿಲ್ಲದಿದ್ದರೆ ರಸ್ತೆ ಎಷ್ಟು ವಿಶಾಲ, ಎಷ್ಟು ಶಾಂತ ಎಂಬುದನ್ನು ಆ ಊರಿನ ಜನ ಕಣ್ಣಾರೆ ಕಂಡರು.

ಇನ್ನು ಊರಿನ ಮಗ್ಗುಲಲ್ಲೇ ಇರುವ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ, ಕಾನ್ಹೇರಿ ಗುಹೆಗಳ ಕಡೆಗೆ ಹೋಗುವ ಕಾಡಿನ ರಸ್ತೆಯಲ್ಲಿ, ನೆಮ್ಮದಿಯಿಂದ ಸೈಕಲ್ ತುಳಿಯಬಹುದು. ಆದರೆ ಅದು ಟಿಕೀಟು ಪಡೆದು ಒಳಗೆ ಹೋಗಿ, ಮತ್ತೆ ಅದೇ ಬಾಗಿಲಿಗೆ ಮರಳುವ ದಾರಿ. ರವಿವಾರದ ರಸ್ತೆಯೂ ಅಂಥದ್ದೇ. ಎರಡೂ ವಿಹಾರಕ್ಕೆ ಒದಗುವವೇ ಹೊರತು ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೊರಟವನನ್ನು ಎಲ್ಲಿಗೂ ಮುಟ್ಟಿಸುವುದಿಲ್ಲ.

ಹಾಗಾದರೆ ಕಾಯಮ್ಮಾದ ದಾರಿಗಳನ್ನು ಮಾಡಲಿಲ್ಲವೇ? ಮಾಡಲು ಹೊರಟರು. ಆ ಮೂರು ಉದಾಹರಣೆಗಳು ಮೂರು ಪಾಠಗಳಂತಿವೆ.

ಬಾಂದ್ರಾ-ಕುರ್ಲಾ ಸಂಕೀರ್ಣವೆಂಬ ದೊಡ್ಡ ಕಚೇರಿಗಳ ಪ್ರದೇಶದಲ್ಲಿ 2011ರ ಸುಮಾರಿಗೆ ಕೋಟಿಗಟ್ಟಲೆ ಹಣ ಹಾಕಿ ಸೈಕಲ್ ಪಥ ನಿರ್ಮಿಸಿದರು. ಅದು ಕಾರುಗಳನ್ನು ನಿಲ್ಲಿಸುವ ಜಾಗವಾಯಿತು. ಕೊನೆಗೆ 2025ರಲ್ಲಿ, ಆ ಪಥವನ್ನು ತೆಗೆದು ವಾಹನಗಳ ರಸ್ತೆಯನ್ನೇ ಅಗಲಿಸುವ ತೀರ್ಮಾನವಾಯಿತು. ಬಳಸುವವರೇ ಇಲ್ಲ ಎಂಬುದು ಇಂಥಲ್ಲಿ ಕೊಡುವ ಕಾರಣ. ಸ್ಟೇಶನ್ನಿನಿಂದ ಅಲ್ಲಿಗೆ ಸೈಕಲ್ಲಿನ ಮೇಲೆ ಸುರಕ್ಷಿತವಾಗಿ ಬರುವ ದಾರಿಯನ್ನೇ ಮಾಡದೆ, ಬಂದವನ ಪಥದಲ್ಲಿ ಕಾರು ನಿಲ್ಲಿಸಿ, ಆಮೇಲೆ ಸವಾರರು ಬರಲಿಲ್ಲವೆಂದು ಹೇಳುವುದು ಯಾವ ನ್ಯಾಯ? ಕಾಲುವೆಗೆ ನೀರು ಬಿಡದೆ, ಬೆಳೆ ಬರಲಿಲ್ಲವೆಂದು ಹೊಲವನ್ನು ಹಳಿದಂತೆ ಇದು.

ಎರಡನೆಯದು ಪೊವಾಯಿ ಕೆರೆ. 1891ರಲ್ಲಿ ಕಟ್ಟಿದ, ಮೊಸಳೆಗಳಿರುವ ಈ ಕೆರೆಯ ಸುತ್ತ ಮಹಾನಗರಪಾಲಿಕೆಯು 2021ರಲ್ಲಿ ಸೈಕಲ್ ಪಥದ ಕೆಲಸ ಆರಂಭಿಸಿತು. ಅಲ್ಲಿಯ ಐ.ಐ.ಟಿ.ಯ ಸಂಶೋಧನ ವಿದ್ಯಾರ್ಥಿಗಳು ನ್ಯಾಯಾಲಯಕ್ಕೆ ಹೋದರು. 2022ರ ಮೇ 6ರಂದು ಮುಂಬಯಿ ಉಚ್ಚ ನ್ಯಾಯಾಲಯವು ಆ ಕೆಲಸ ಕಾನೂನುಬಾಹಿರವೆಂದು ಹೇಳಿ, ಕಟ್ಟಿದ್ದನ್ನು ತೆಗೆದು ಕೆರೆಯ ದಂಡೆಯನ್ನು ಮೊದಲಿನಂತೆ ಮಾಡಲು ಆಜ್ಞಾಪಿಸಿತು. ಕಾರಿನ ರಸ್ತೆಯಲ್ಲಿ ಒಂದು ಮಾರು ಜಾಗ ಬಿಡಿಸಲು ಮನಸ್ಸಿಲ್ಲದವರು ಕೆರೆಯ ಜಾಗವನ್ನು ಕೇಳಿದರು. ಪರಿಸರದ ಹೆಸರಿನಲ್ಲಿ ಪರಿಸರಕ್ಕೇ ಕೈಹಾಕಿದಂತಾಯಿತು.

ಮೂರನೆಯದು ಇನ್ನೂ ಗಂಭೀರವಾದದ್ದು. ತಾನಸಾ ಕೆರೆಯಿಂದ ಊರಿಗೆ ಬರುವ ನೀರಿನ ದೊಡ್ಡ ಕೊಳವೆಗಳ ಇಕ್ಕೆಲದಲ್ಲಿದ್ದ ಗುಡಿಸಲುಗಳನ್ನು, ಕೊಳವೆಯ ರಕ್ಷಣೆಗಾಗಿ, ನ್ಯಾಯಾಲಯದ ಆದೇಶದಂತೆ ತೆರವುಗೊಳಿಸಿದರು. ಹಾಗೆ ತೆರವಾದ ಪಟ್ಟಿಯ ಮೇಲೆ ಮುಲುಂಡದ ಕಡೆಯಿಂದ 39 ಕಿಲೋಮೀಟರ್ ಸೈಕಲ್ ಪಥದ ಯೋಜನೆ ಸಿದ್ಧವಾಯಿತು. ಅಲ್ಲಿದ್ದ ಅನೇಕ ಕುಟುಂಬಗಳನ್ನು ತೈಲ ಶುದ್ಧೀಕರಣ ಕಾರಖಾನೆಗಳ ಮಗ್ಗುಲಿನ ಮಾಹುಲಿಗೆ ಕಳಿಸಿದರು. ಅಲ್ಲಿಯ ಗಾಳಿ ಎಷ್ಟು ಕೆಟ್ಟದ್ದೆಂದರೆ, ಅಲ್ಲಿಗೆ ಹೋಗಿರೆಂದು ಜನರನ್ನು ಒತ್ತಾಯಿಸಬಾರದು, ಬೇರೆ ಮನೆ ಹಿಡಿಯಲು ಅವರಿಗೆ ಬಾಡಿಗೆ ಕೊಡಬೇಕು ಎಂದು 2019ರಲ್ಲಿ ಉಚ್ಚ ನ್ಯಾಯಾಲಯವೇ ಹೇಳಬೇಕಾಯಿತು. ಕುಡಿಯುವ ನೀರಿನ ಕೊಳವೆಯನ್ನು ಕಾಯುವುದು ಅವಶ್ಯವೇ ಸರಿ. ಆದರೆ ಸೈಕಲ್ಲು ತುಳಿದು ಕೆಲಸಕ್ಕೆ ಹೋಗುತ್ತಿದ್ದವರು ಇದ್ದ ಕಡೆಯಿಂದ ದೂರವಾಗಿ, ಅವರಿದ್ದ ನೆಲದ ಮೇಲೆ ಇನ್ನೊಬ್ಬರಿಗೆ ಸೈಕಲ್ಲಿನ ದಾರಿಯಾಗುವುದನ್ನು ಪ್ರಗತಿ ಎಂದು ಕರೆಯಲು ನಮ್ಮ ಮನಸ್ಸು ಒಪ್ಪುವುದಿಲ್ಲ.

ಇದೇ ಅವಧಿಯಲ್ಲಿ ಮೋಟಾರಿಗಾಗಿ ಏನೇನು ಆಯಿತೆಂಬುದನ್ನೂ ನೋಡಬೇಕು. 2009ರಲ್ಲಿ ಬಾಂದ್ರಾ-ವರಳಿ ಸಮುದ್ರಸೇತುವೆ ಆಯಿತು. 2024ರ ಜನವರಿಯಲ್ಲಿ ಸುಮಾರು 22 ಕಿಲೋಮೀಟರ್ ಉದ್ದದ ಅಟಲ್ ಸೇತು, ಅದೇ ವರ್ಷದ ಮಾರ್ಚಿನಲ್ಲಿ ಕರಾವಳಿ ರಸ್ತೆಯ ಮೊದಲ ಭಾಗ ತೆರೆದವು. ಕರಾವಳಿ ರಸ್ತೆಯೊಂದಕ್ಕೇ ಹದಿಮೂರು ಸಾವಿರ ಕೋಟಿ ರೂಪಾಯಿಗೂ ಮೀರಿ ಖರ್ಚಾಯಿತು. ಈ ಮೂರರಲ್ಲಿ ಯಾವುದರ ಮೇಲೂ ಸೈಕಲ್ಲಿಗೆ ಪ್ರವೇಶವಿಲ್ಲ. ವೇಗದ ರಸ್ತೆಯಲ್ಲಿ ಸೈಕಲ್ಲು ಅಪಾಯಕಾರಿ ಎಂಬ ಮಾತು ನಿಜ. ಅಪಾಯವನ್ನು ತರುವವನಿಗೆ ರಸ್ತೆ, ಅಪಾಯಕ್ಕೆ ಒಳಗಾಗುವವನಿಗೆ ತಡೆ ಎಂಬುದು ಮಾತ್ರ ವಿಚಿತ್ರ ನೀತಿ. ಅಷ್ಟು ಹಣದಲ್ಲಿ ಮಗ್ಗುಲಿಗೊಂದು ಗೋಡೆ ಕಟ್ಟಿ ಎರಡು ಮಾರು ದಾರಿ ಬಿಡುವುದು ಅಸಾಧ್ಯವಾಗಿತ್ತೇ?

ಮುಂಬಯಿಯಲ್ಲಿ ಜಾಗವಿಲ್ಲ, ನಾಲ್ಕು ತಿಂಗಳು ಮಳೆ, ಉಳಿದ ತಿಂಗಳು ಬೆವರು, ಆದ್ದರಿಂದ ಸೈಕಲ್ಲು ಅಲ್ಲಿಗೆ ಹೊಂದದು ಎಂದು ವಾದಿಸುವವರಿದ್ದಾರೆ. ಮಳೆಯೆಂದು ಡಬ್ಬಾವಾಲಾನು ಬುತ್ತಿ ತಪ್ಪಿಸುವುದಿಲ್ಲ. ಜಾಗವಂತೂ ಇದೆ, ಅದರ ಮೇಲೆ ನಿಂತ ಕಾರುಗಳಿವೆ, ಅಷ್ಟೇ. ದಕ್ಷಿಣ ಅಮೆರಿಕದ ಬೊಗೊಟಾ ನಗರದಲ್ಲಿ 1970ರ ದಶಕದಿಂದಲೂ ಪ್ರತಿ ರವಿವಾರ ರಸ್ತೆಗಳನ್ನು ವಾಹನಮುಕ್ತಗೊಳಿಸುತ್ತಾರೆ. ಇಂದು ಅದರ ಉದ್ದ 120 ಕಿಲೋಮೀಟರಿಗೂ ಹೆಚ್ಚು. ಬಡವರ ಬಡಾವಣೆಗಳನ್ನೂ ಶ್ರೀಮಂತರ ಬಡಾವಣೆಗಳನ್ನೂ ಅದು ಜೋಡಿಸುತ್ತದೆ. ಅದು ರವಿವಾರಕ್ಕೇ ನಿಲ್ಲಲಿಲ್ಲ. ದಿನನಿತ್ಯ ಬಳಸುವ ನೂರಾರು ಕಿಲೋಮೀಟರ್ ಸೈಕಲ್ ಪಥಗಳೂ ಅಲ್ಲಿ ಆದವು. ರವಿವಾರದ ಸಂತೋಷವನ್ನು ಸೋಮವಾರದ ಅನುಕೂಲವಾಗಿ ಮಾಡಲು ಸಾಧ್ಯವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದ್ದರಿಂದ ನಮ್ಮ ಅಭಿಪ್ರಾಯವಿಷ್ಟು. ವಾಹನವಿಲ್ಲದ ದಾರಿಯನ್ನು ನೋಟ ಚೆನ್ನಾಗಿರುವಲ್ಲಿ ಹುಡುಕಬಾರದು; ಸವಾರರು ಇರುವಲ್ಲಿ ಹಾಕಬೇಕು. ಮೊದಲು ಸ್ಟೇಶನ್ನುಗಳಿಂದ ಶಾಲೆ, ಮಾರುಕಟ್ಟೆ, ಕಾರಖಾನೆ, ಕಚೇರಿಗಳಿಗೆ ಹೋಗುವ ಸಣ್ಣ ದಾರಿಗಳಲ್ಲಿ ಸೈಕಲ್ಲಿಗೂ ಪಾದಚಾರಿಗೂ ತಡೆಗೋಡೆಯುಳ್ಳ ಪಥ ಬೇಕು. ಆ ಪಥದಲ್ಲಿ ಕಾರು ನಿಲ್ಲಿಸಿದವನಿಗೆ ದಂಡ ಬೀಳಬೇಕು. ಸ್ಟೇಶನ್ನಿನಲ್ಲಿ ಸೈಕಲ್ಲು ಕಳವಾಗದಂತೆ ಇಡುವ ಜಾಗ ಬೇಕು. ಇಷ್ಟಾದ ಮೇಲೆ ಸಮುದ್ರದ ದಂಡೆಯ ವಿಹಾರಪಥಗಳು ಬರಲಿ, ಯಾರು ಬೇಡವೆಂದಾರು?

ನಮ್ಮ ಊರುಗಳಲ್ಲಿಯೂ ಹೆದ್ದಾರಿಗಳು ಅಗಲವಾಗುತ್ತಿವೆ. ಸುತ್ತಲ ಹಳ್ಳಿಗಳ ಮಕ್ಕಳು ಲಾರಿಗಳ ಮಗ್ಗುಲಲ್ಲಿ, ಮಣ್ಣಿನ ಅಂಚಿನ ಮೇಲೆ, ಸೈಕಲ್ ತುಳಿದು ಶಾಲೆಗೆ ಬರುತ್ತಾರೆ. ಹಾದಿ ಭಯವೆಂದು ಹೆಣ್ಣುಮಗಳೊಬ್ಬಳನ್ನು ಮನೆಯಲ್ಲಿ ಉಳಿಸಿಕೊಂಡರೆ ಅವಳ ಓದು ಅಲ್ಲಿಗೆ ಮುಗಿದಂತೆಯೇ. ರಸ್ತೆ ಅಗಲಿಸುವಾಗಲೇ ಶಾಲೆಯವರೆಗೆ ಒಂದು ಬೇರೆ ಪಥ ಬಿಡಿರೆಂದು ಗ್ರಾಮಪಂಚಾಯತಿ, ನಗರಪರಿಷತ್ತುಗಳನ್ನು ಕೇಳುವುದು ಪಾಲಕರ ಕರ್ತವ್ಯ. ಕೇಳಲು ತಿಳಿಸಿಕೊಡುವುದು ಶಿಕ್ಷಕರಾದ ನಮ್ಮ ಕರ್ತವ್ಯ. ವಿದ್ಯಾರ್ಥಿಗಳೇ, ನಾಳೆ ನಿಮ್ಮಲ್ಲಿ ಕೆಲವರು ಎಂಜಿನಿಯರರಾಗಿ ರಸ್ತೆಯ ನಕ್ಷೆ ಬರೆಯುವಿರಿ, ಕೆಲವರು ಅಧಿಕಾರಿಗಳಾಗಿ ಅದಕ್ಕೆ ಸಹಿ ಮಾಡುವಿರಿ. ಆಗ ಮೊದಲ ಗೆರೆಯನ್ನು ಸೈಕಲ್ಲಿನ ಮೇಲೆ ಶಾಲೆಗೆ ಬರುವ ಮಗುವಿಗಾಗಿ ಎಳೆಯಿರಿ. ಕಾರಿನವನು ತನ್ನ ದಾರಿಯನ್ನು ಹೇಗೂ ಕೇಳಿ ಪಡೆಯುತ್ತಾನೆ.