ಹುಲ್ಲಿನ ರನ್‌ವೇಗೆ ದುಡ್ಡು ಕೊಟ್ಟವರು ಯಾರು?

ಎರಡನೇ ಮಹಾಯುದ್ಧ ಮುಗಿದ ನಂತರದ ಹದಿನೈದಿಪ್ಪತ್ತು ವರ್ಷಗಳನ್ನು ಬ್ರಿಟನ್ನಿನ ಹಳೆಯ ತಲೆಮಾರು ನೆನೆಸಿಕೊಳ್ಳುವ ಬಗೆ ಹೆಚ್ಚುಕಡಿಮೆ ಒಂದೇ. ಊರಾಚೆ ಹುಲ್ಲಿನ ಬಯಲು, ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ, ತಗಡಿನ ಹ್ಯಾಂಗರ್, ಬೇಲಿಗೆ ಸೈಕಲ್ ಒರಗಿಸಿ ಪುಟ್ಟ ವಿಮಾನಗಳನ್ನು ನೋಡುತ್ತ ನಿಂತ ಹುಡುಗರು. ಚಿತ್ರ ಸುಳ್ಳಲ್ಲ. ಆಗಿನವರಿಗೆ ಸಾಹಸವಿತ್ತು, ಈಗಿನವರಿಗಿಲ್ಲ ಎಂದು ಅದರಿಂದ ತೆಗೆಯುವ ತೀರ್ಮಾನ ಮಾತ್ರ ತಪ್ಪು.

ಆ ಹಾರಾಟದ ಹಿಂದೆ ಸಾಹಸಕ್ಕಿಂತ ಹೆಚ್ಚಾಗಿ ಇದ್ದದ್ದು ಸರ್ಕಾರದ ಖಜಾನೆ. 1931ರಲ್ಲಿ ಮೊದಲು ಹಾರಿದ ಟೈಗರ್ ಮಾತ್ ವಿಮಾನಗಳು 8,000ಕ್ಕೂ ಹೆಚ್ಚು ತಯಾರಾದದ್ದು ಮುಖ್ಯವಾಗಿ ಯುದ್ಧದ ಪೈಲಟ್‌ಗಳ ತರಬೇತಿಗಾಗಿ. ವಾಯುಪಡೆಗೆ ಬೇಡವಾದಾಗ ಅವು ಫ್ಲೈಯಿಂಗ್ ಕ್ಲಬ್‌ಗಳಿಗೆ ಅಗ್ಗಕ್ಕೆ ಸಿಕ್ಕವು. ಲೆಸ್ಟರ್‌ಶೈರಿನ ರಿಯರ್ಸ್‌ಬಿಯಲ್ಲಿ ತಯಾರಾಗುತ್ತಿದ್ದ ಆಸ್ಟರ್ ವಿಮಾನ ಯುದ್ಧದಲ್ಲಿ ಫಿರಂಗಿಗಳಿಗೆ ಗುರಿ ತೋರಿಸುವ ಕೆಲಸ ಮಾಡಿತ್ತು. ಅದೇ ವಂಶದ ಮೂರು ಸೀಟಿನ ಆಟೋಕ್ರಾಟ್ ಶಾಂತಿಕಾಲದ ಕ್ಲಬ್ ವಿಮಾನವಾಯಿತು. ನೂರಾರು ಏರೋಡ್ರೋಮ್‌ಗಳು ಯುದ್ಧಕ್ಕಾಗಿ ಆಗಲೇ ನಿರ್ಮಾಣವಾಗಿದ್ದವು. ಹಾರಲು ಕಲಿಸುವವರಲ್ಲಿ ಬಹಳ ಮಂದಿ ವಾಯುಪಡೆಯಲ್ಲೇ ಪಳಗಿದವರು. ಕೆಡೆಟ್ ಹುಡುಗರ ಮೊದಲ ಹಾರಾಟವೂ ಎಷ್ಟೋ ಸಲ ವಾಯುಪಡೆಯ ಚಿಪ್‌ಮಂಕ್‌ನಲ್ಲೇ ಆಯಿತು. ಅದಕ್ಕೆ ಅಪ್ಪನ ಜೇಬು ಮುಟ್ಟಬೇಕಿರಲಿಲ್ಲ.

ಮದುವೆ ಮನೆಯಲ್ಲಿ ಉಳಿದ ಅಡುಗೆ ಮರುದಿನ ಬೀದಿಗೆಲ್ಲ ಊಟವಾದ ಹಾಗೆ ಅದು. ಉಳಿದದ್ದು ಒಂದು ದಿನ ಮುಗಿಯಲೇಬೇಕು, ಮುಗಿಯಿತು. ಆಸ್ಟರ್ ಕಂಪನಿ 1960ರಲ್ಲಿ ಬೀಗಲ್ ಎಂಬ ಹೊಸ ಸಂಸ್ಥೆಯೊಳಗೆ ಸೇರಿಕೊಂಡಿತು. ಸರ್ಕಾರ 1968ರಲ್ಲಿ ಬೀಗಲನ್ನು ಕೊಂಡು, ಮರುವರ್ಷವೇ ಹಣ ನಿಲ್ಲಿಸಿತು. ನೆಲಕ್ಕೂ ಬೆಲೆ ಬಂತು. ಲಂಡನ್ನಿನ ಕ್ರಾಯ್ಡನ್ ನಿಲ್ದಾಣ 1959ರಲ್ಲಿ ಮುಚ್ಚಿತು. ಮೈಲ್ಸ್ ವಿಮಾನಗಳು ಹುಟ್ಟಿದ ವುಡ್ಲಿ ಬಯಲಿನಲ್ಲಿ ಈಗ ಮನೆಗಳಿವೆ. ಡಿ ಹ್ಯಾವಿಲೆಂಡ್ ಕಂಪನಿಯ ಹ್ಯಾಟ್‌ಫೀಲ್ಡ್‌ನಲ್ಲಿ ಮನೆ, ಕಚೇರಿ, ವಿಶ್ವವಿದ್ಯಾಲಯ ಎದ್ದಿವೆ.

ಜನಕ್ಕೆ ಮನೆ ಬೇಡವೇ, ಕೆಲವರ ಶೋಕಿಗೆ ಇಷ್ಟು ನೆಲ ಬಿಡಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಭಾನುವಾರದ ನಿದ್ದೆ ಕೆಡಿಸುವ ಎಂಜಿನ್ ಸದ್ದೂ ಸುಳ್ಳಲ್ಲ. ಅಗ್ಗದ ಕಾಲದಲ್ಲೂ ಗಂಟೆಯ ಬಾಡಿಗೆ ಕೂಲಿಯವನ ಕೈಗೆ ಎಟುಕುತ್ತಿರಲಿಲ್ಲ. ಆದರೆ ಈ ವ್ಯಾಪಾರದ ಎರಡು ತಟ್ಟೆ ಸಮವಲ್ಲ. ಮನೆಯನ್ನು ಇನ್ನೊಂದು ಕಡೆ ಕಟ್ಟಬಹುದು. ಊರಿಗೆ ಹತ್ತಿರ, ಅಡೆತಡೆಯಿಲ್ಲದ ಉದ್ದನೆಯ ಸಮತಟ್ಟು ಜಾಗ ಒಮ್ಮೆ ಹೋದರೆ ಮತ್ತೆ ಸಿಗದು. ಪೈಲಟ್ ಆಗುವವರು ನೇರವಾಗಿ ಜೆಟ್ ಹತ್ತುವುದಿಲ್ಲ. ಎರಡು ಸೀಟಿನ ವಿಮಾನದಲ್ಲಿ ಗಂಟೆಗಂಟೆ ಲೆಕ್ಕ ಹಾಕಿ ಕಲಿಯುತ್ತಾರೆ. ಹತ್ತಿರದ ಬಯಲು ಮುಚ್ಚಿದಾಗ ಏಣಿಯ ಕೆಳಗಿನ ಮೆಟ್ಟಿಲೇ ಮುರಿಯುತ್ತದೆ. ಹಣವಿದ್ದವರ ಮಕ್ಕಳು ದೂರ ಹೋಗಿಯಾದರೂ ಕಲಿತಾರು. ಬೇಲಿಯ ಬಳಿ ನಿಂತವರ ಗತಿ?

ದಾರಿ ಇಲ್ಲದೆಯೂ ಇಲ್ಲ. ಶೋರ್‌ಹ್ಯಾಮ್ ನಿಲ್ದಾಣ ದಶಕಗಳ ಕಾಲ ಬ್ರೈಟನ್, ಹೋವ್, ವರ್ದಿಂಗ್ ಎಂಬ ಮೂರು ಊರುಗಳ ಆಡಳಿತದ ಕೈಯಲ್ಲಿತ್ತು. ಈಜುಕೊಳ, ಗ್ರಂಥಾಲಯಗಳಂತೆ ಕೆಲವು ಏರೋಡ್ರೋಮ್‌ಗಳನ್ನೂ ಊರಿನ ಸ್ವತ್ತಾಗಿ ಉಳಿಸಿಕೊಳ್ಳಬಹುದು. ಎಲ್ಲವನ್ನೂ ಅಲ್ಲ, ಹುಡುಗರು ಸೈಕಲ್ಲಿನಲ್ಲಿ ತಲುಪುವಷ್ಟು ದೂರಕ್ಕೊಂದನ್ನು. ಜುಹು, ಜಕ್ಕೂರುಗಳನ್ನು ನಗರ ಸುತ್ತುವರಿದದ್ದನ್ನು ಕಂಡವರಿಗೂ ಈ ಲೆಕ್ಕ ಅರ್ಥವಾಗುತ್ತದೆ. ಹಳೆಯ ಫೋಟೊ ಹಿಡಿದು ನಿಟ್ಟುಸಿರು ಬಿಟ್ಟರೆ ರನ್‌ವೇ ಉಳಿಯದು. ಅಂದು ಯುದ್ಧದ ಹೆಸರಿನಲ್ಲಿ ಕೊಟ್ಟ ದುಡ್ಡಿನ ಒಂದು ಪಾಲನ್ನಾದರೂ ಇಂದು ಕಲಿಕೆಯ ಹೆಸರಿನಲ್ಲಿ ಕೊಡಬೇಕು.